ಬಂಡೆಗೆ ಕೆಂಪು ನಂಬರ್ ಬಿತ್ತೆಂದರೆ ಹೊಲ ಹೋಯಿತು ಎಂದಲ್ಲ

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ರೈತ. ನಾಲ್ಕೂವರೆ ಎಕರೆ ಇದೆ, ಎರಡು ಎಕರೆ ಅಡಿಕೆ, ಉಳಿದದ್ದು ಮೆಕ್ಕೆಜೋಳ. ಜನವರಿಯಲ್ಲಿ ಎಂಟು-ಹತ್ತು ಹುಡುಗ ಹುಡುಗಿಯರು ಜೀಪಿನಲ್ಲಿ ಬಂದು ಹೊಲದಂಚಿನ ಬಂಡೆಯನ್ನು ಸುತ್ತಿಗೆಯಲ್ಲಿ ಒಡೆದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದರು. ಎರಡು ವಾರ ಬಿಟ್ಟು ಬೇರೆ ಮೂವರು ಬಂದರು. ಹಳ್ಳದ ಮಣ್ಣನ್ನು ಬಟ್ಟೆ ಚೀಲಕ್ಕೆ ತುಂಬಿದರು, ಬಂಡೆಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆದರು. ಕೇಳಿದ್ದಕ್ಕೆ "ಸೆಂಟ್ರಲ್ ಸರ್ವೆ" ಅಂದರು, ಅಷ್ಟೇ. ಈಗ ಊರಲ್ಲೆಲ್ಲ ಚಿನ್ನ ಸಿಕ್ಕಿದೆ, ಜಮೀನು ಹೋಗುತ್ತದೆ ಎಂಬ ಮಾತು. ಒಬ್ಬರು ಬಂದು "ಸರ್ಕಾರ ತಗೊಂಡರೆ ಪುಡಿಗಾಸು, ಈಗಲೇ ಅಗ್ರಿಮೆಂಟ್ ಮಾಡಿಕೊಡಿ" ಎಂದು ಬೆನ್ನು ಬಿದ್ದಿದ್ದಾರೆ. ಎರಡು ಕಚೇರಿಗೆ ಅಲೆದೆ, ಇಬ್ಬರೂ "ಅದು ನಮ್ಮದಲ್ಲ" ಎಂದರು. ಕಲ್ಲು ಮಣ್ಣು ನೋಡೋಕೆ ಇಷ್ಟೊಂದು ಇಲಾಖೆ ಯಾಕೆ? ಅವರ ವರದಿ ಸಿಕ್ಕರೆ ಬೋರ್ ಪಾಯಿಂಟ್ ಆದರೂ ಗೊತ್ತಾಗುತ್ತದಾ? ಮಗಳು ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಅವಳಿಗೆ ಮುಂದೆ ಇಂಥ ಕಡೆ ಕೆಲಸ ಹೇಗೆ?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಎರಡು. ಬಂದವರು ಯಾರು, ಅವರು ಬಂದದ್ದರಿಂದ ಜಮೀನಿಗೆ ಕುತ್ತಿದೆಯೇ. ನೀವು ಬರೆದ ವಿವರದಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಆದರೆ ಆ ಅಗ್ರಿಮೆಂಟಿನ ಮಾತನ್ನು ಮೊದಲು ಮುಗಿಸುತ್ತೇನೆ: ಸಹಿ ಹಾಕಬೇಡಿ. ಕಾರಣ ಕೆಳಗಿದೆ.

ಮೊದಲ ಸಲ ಬಂದ ಹುಡುಗ ಹುಡುಗಿಯರು ಬಹುಪಾಲು ಕಲಿಯಲು ಬಂದವರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದರೆ ಜಿಎಸ್‌ಐ, ಹೊಸದಾಗಿ ಸೇರಿದ ಭೂವಿಜ್ಞಾನಿಗಳಿಗೆ ಹೈದರಾಬಾದಿನ ತರಬೇತಿ ಸಂಸ್ಥೆಯಲ್ಲಿ ಪಾಠ ಮಾಡಿ, ಆಮೇಲೆ ಬೆಟ್ಟಗುಡ್ಡಕ್ಕೆ ಕಳಿಸುತ್ತದೆ. ಅದಕ್ಕೆಂದೇ ಇರುವ ಕ್ಷೇತ್ರ ತರಬೇತಿ ಕೇಂದ್ರಗಳಲ್ಲಿ ಒಂದು ಚಿತ್ರದುರ್ಗದಲ್ಲೇ ಇದೆ. ಗದಗಿನ ಕಡೆಯಿಂದ ಮೈಸೂರಿನ ದಿಕ್ಕಿಗೆ ನೂರಾರು ಕಿಲೋಮೀಟರ್ ಹರಿದಿರುವ ಹಸಿರು ಪದರುಕಲ್ಲಿನ ಪಟ್ಟಿ ಚಿತ್ರದುರ್ಗದ ಮೇಲೆ ಹಾದುಹೋಗುತ್ತದೆ, ಲೋಕದ ಭೂವಿಜ್ಞಾನಿಗಳು ಅದನ್ನು ಚಿತ್ರದುರ್ಗದ ಹೆಸರಿನಲ್ಲೇ ಕರೆಯುತ್ತಾರೆ. ದಿನವೊಂದರಲ್ಲಿ ಕಣಶಿಲೆ, ಲಾವಾ, ಸುಣ್ಣಕಲ್ಲು, ಕಬ್ಬಿಣದ ಪಟ್ಟೆ ಕಲ್ಲು ಎಲ್ಲವನ್ನೂ ತೋರಿಸಬಹುದಾದ ಜಾಗ ದೇಶದಲ್ಲಿ ಹೆಚ್ಚಿಲ್ಲ. ಹಾಗಾಗಿ ನಿಮ್ಮ ಸುತ್ತಿನ ಹೊಲಗಳಲ್ಲಿ ಸುತ್ತಿಗೆ ಸದ್ದು ವರ್ಷ ವರ್ಷವೂ ಕೇಳುತ್ತದೆ. ಗುಂಪಿನಲ್ಲಿ ಬಂದು, ಎಲ್ಲರೂ ಒಂದೇ ಬಂಡೆಯ ಮುಂದೆ ನಿಂತು, ದಿಕ್ಸೂಚಿ ಇಟ್ಟು ಪದರ ಎತ್ತ ವಾಲಿದೆ ಎಂದು ಅಳೆದು ಬರೆದುಕೊಳ್ಳುವವರು ಕಲಿಯುವವರು ಅಥವಾ ನಕ್ಷೆ ಬರೆಯುವವರು. ಗಣಿ ಮಾಡುವವರಲ್ಲ.

ಎರಡನೇ ಸಲ ಬಂದ ಮೂವರ ಕೆಲಸ ಬೇರೆ. ಹಳ್ಳದ ಮಣ್ಣು, ಬಟ್ಟೆ ಚೀಲ, ಜಾಗದ ಗುರುತಿಗೆ ನಂಬರ್: ಇದು ದೇಶದಾದ್ಯಂತ ನಡೆಯುವ ಭೂರಾಸಾಯನಿಕ ನಕ್ಷೆಯ ಕೆಲಸದ ಲಕ್ಷಣ. ಅದರ ಲೆಕ್ಕ ಹೀಗಿದೆ. 1:50,000 ಅಳತೆಯ (ನೆಲದ ಅರ್ಧ ಕಿಲೋಮೀಟರ್ ಕಾಗದದ ಮೇಲೆ ಒಂದು ಸೆಂಟಿಮೀಟರ್) ಒಂದು ನಕ್ಷಾಹಾಳೆಯನ್ನು ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದಲ್ಲೂ ಹಳ್ಳದ ನುಣುಪು ಮಣ್ಣು ತೆಗೆಯುತ್ತಾರೆ, ಹಳ್ಳವೇ ಇಲ್ಲದ ಬಯಲಾದರೆ ಇಳಿಜಾರಿನ ಮಣ್ಣು. ಒಣಗಿಸಿ, 120 ಮೆಷ್ ಜರಡಿಯಲ್ಲಿ ಇಳಿದ ಹಿಟ್ಟಿನಂಥದ್ದನ್ನು ಮಾತ್ರ ಇಟ್ಟುಕೊಂಡು, ಅಕ್ಕಪಕ್ಕದ ನಾಲ್ಕು ಚೌಕದ ಮಣ್ಣನ್ನು ಬೆರೆಸಿ ಒಂದೇ ಮಾದರಿ ಮಾಡಿ ಪ್ರಯೋಗಾಲಯಕ್ಕೆ ಕೊಡುತ್ತಾರೆ. ಹೊಳಲ್ಕೆರೆ ಇರುವ 57 ಬಿ/4 ಹಾಳೆಯ ವಿಸ್ತೀರ್ಣ ಸುಮಾರು 740 ಚದರ ಕಿಲೋಮೀಟರ್. ಅಂದರೆ ನಿಮ್ಮ ಹಳ್ಳದ ಚೀಲ ಸುಮಾರು 740 ಚೀಲಗಳಲ್ಲಿ ಒಂದು, ಅದೂ ಇನ್ನು ಮೂರರ ಜೊತೆ ಬೆರೆತುಹೋಗಿದೆ. ನಿಮ್ಮ ಸರ್ವೆ ನಂಬರನ್ನು ಹುಡುಕಿಕೊಂಡು ಯಾರೂ ಬಂದಿರಲಿಲ್ಲ. ಚೌಕ ಅಲ್ಲಿ ಬಿತ್ತು, ಹಳ್ಳ ಅಲ್ಲಿ ಹರಿಯಿತು, ಅಷ್ಟೆ.

ಕೆಂಪು ನಂಬರು ಮಾದರಿಯ ನಂಬರು. ಮುಂದೊಂದು ದಿನ ಫಲಿತಾಂಶದಲ್ಲಿ ಅನುಮಾನ ಬಂದರೆ ಅದೇ ಜಾಗಕ್ಕೆ ಮರಳಿ ಬರಲು ಹಾಕಿದ ಗುರುತು. ಭೂಸ್ವಾಧೀನಕ್ಕೆ ಬಂಡೆಯ ಮೇಲೆ ಬಣ್ಣ ಹಚ್ಚುವ ಪದ್ಧತಿಯೇ ಇಲ್ಲ. ಅದಕ್ಕೆ ಅಧಿಸೂಚನೆ ಬೇಕು, ನೋಟಿಸ್ ಬೇಕು, ಸರ್ವೆ ನಂಬರ್ ಮತ್ತು ಖಾತೆದಾರರ ಹೆಸರು ಬೇಕು.

ಇನ್ನು ಚಿನ್ನ. ಸಾಧಾರಣ ಬಂಡೆಯಲ್ಲೂ ಚಿನ್ನ ಇರುತ್ತದೆ, ನೂರು ಕೋಟಿಯಲ್ಲಿ ಎರಡು-ಮೂರು ಪಾಲು. ನಿಮ್ಮ ಹಳ್ಳದ ಮಣ್ಣಿನಲ್ಲಿ ಅದರ ನೂರು ಪಟ್ಟು ಸಿಕ್ಕಿತು ಎಂದಿಟ್ಟುಕೊಳ್ಳಿ. ಭೂವಿಜ್ಞಾನಿ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ, ನಿಜ. ಆದರೆ ಆಗಲೂ ಅದು ಟನ್ನಿಗೆ 0.3 ಗ್ರಾಂ. ನೆಲದಡಿಯ ಗಣಿಗೆ ಟನ್ನಿಗೆ ಕೆಲವು ಗ್ರಾಂ ಬೇಕು, ಅದೂ ಒಂದು ಕಲ್ಲಿನಲ್ಲಲ್ಲ, ಉದ್ದಕ್ಕೂ ಆಳಕ್ಕೂ ಬಿಡದೆ ಹರಿದ ಪದರದಲ್ಲಿ. "ಚಿನ್ನದ ಅಂಶ ಪತ್ತೆ" ಮತ್ತು "ಚಿನ್ನದ ನಿಕ್ಷೇಪ ಪತ್ತೆ" ಎಂಬೆರಡರ ನಡುವೆ ಇಷ್ಟು ದೂರವಿದೆ, ಸುದ್ದಿಯಲ್ಲಿ ಮಾತ್ರ ಎರಡೂ ಒಂದೇ ಆಗಿಬಿಡುತ್ತವೆ. 2020ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರದಲ್ಲಿ 3,000 ಟನ್ ಚಿನ್ನ ಸಿಕ್ಕಿತೆಂದು ದೇಶವೇ ಮಾತಾಡಿತು. ಜಿಎಸ್‌ಐ ಸ್ಪಷ್ಟನೆ ಕೊಟ್ಟಾಗ ಹೊರಬಿದ್ದದ್ದು: ಅಂದಾಜು 52,800 ಟನ್ ಅದಿರು, ಟನ್ನಿಗೆ ಸರಾಸರಿ 3.03 ಗ್ರಾಂ, ಒಟ್ಟು ಸುಮಾರು 160 ಕಿಲೋ. ನಮ್ಮ ಮಂಡ್ಯದ ಮರಳಗಾಲದ ಲಿಥಿಯಂ ಕಥೆಯೂ ಅದೇ. ಮೊದಲು ಹಬ್ಬಿದ ಅಂಕಿ 14,100 ಟನ್, ಅಣು ಖನಿಜ ನಿರ್ದೇಶನಾಲಯ ಆಮೇಲೆ ಹೇಳಿದ ಅಂದಾಜು 1,600 ಟನ್.

ನಿಮ್ಮ ಸೀಮೆಯಲ್ಲಿ ಖನಿಜವೇ ಇಲ್ಲವೆಂದು ಹೇಳುತ್ತಿಲ್ಲ. ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದು ನಿಂತಿದೆ, ಭೀಮಸಮುದ್ರದ ಕಡೆ ಕಬ್ಬಿಣದ ಅದಿರಿದೆ, ದಾವಣಗೆರೆ ಜಿಲ್ಲೆಯ ಹೊನ್ನಾಳಿ, ಕುದುರೆಕೊಂಡದ ಸುತ್ತ ಹಳೆಯ ಚಿನ್ನದ ಗುಂಡಿಗಳಿವೆ. ಅದಕ್ಕೇ ಇಲ್ಲಿ ಹುಡುಕುವವರು ಮತ್ತೆ ಮತ್ತೆ ಬರುತ್ತಾರೆ. ಹುಡುಕಾಟ ನಿಮ್ಮ ಹೊಲದಲ್ಲೇ ಬಿಗಿಯಾಗುತ್ತಿದೆಯೇ ಎಂದು ತಿಳಿಯಲು ಬೇರೆ ಗುರುತುಗಳಿವೆ. ನಕ್ಷೆ ಮತ್ತು ಚೀಲದ ಹಂತ ಮೊದಲನೆಯದು, ಇಲಾಖೆಯವರ ಬಾಯಲ್ಲಿ ಜಿ-4. ಅದರಲ್ಲಿ ಏನಾದರೂ ಕಂಡರೆ ಜಿ-3: ಒಂದು ಮೀಟರ್ ಅಗಲದ ಉದ್ದ ಕಾಲುವೆ ತೋಡಿ ಬಂಡೆಯನ್ನು ಅಡ್ಡಕ್ಕೆ ಬಿಚ್ಚಿ ನೋಡುತ್ತಾರೆ, ದೂರ ದೂರಕ್ಕೆ ಡ್ರಿಲ್ ಇಳಿಸುತ್ತಾರೆ. ಡ್ರಿಲ್‌ಗಳು ಹತ್ತಿರವಾದರೆ ಜಿ-2, ಇನ್ನೂ ಹತ್ತಿರವಾದರೆ ಜಿ-1. ಈ ಡ್ರಿಲ್ಲನ್ನು ಬೋರ್‌ವೆಲ್ ಗಾಡಿಯೆಂದು ತಿಳಿಯಬೇಡಿ. ಬೋರ್‌ವೆಲ್ ಗಾಡಿ ಕಲ್ಲನ್ನು ಪುಡಿ ಮಾಡಿ ಗಾಳಿಯಲ್ಲಿ ಊದಿ ತೆಗೆಯುತ್ತದೆ, ನೆಟ್ಟಗೆ ಇಳಿಯುತ್ತದೆ. ಖನಿಜ ಹುಡುಕುವ ಡ್ರಿಲ್ ವಜ್ರದ ಹಲ್ಲಿನಿಂದ ಕಲ್ಲನ್ನು ಕಡೆದು, ಸುಮಾರು 48 ಮಿಲಿಮೀಟರ್ ದಪ್ಪದ ಕಂಬಿಯಾಗಿ ಹೊರತರುತ್ತದೆ, ಆ ಕಂಬಿಗಳನ್ನು ಖಾನೆಯ ಪೆಟ್ಟಿಗೆಯಲ್ಲಿ ಆಳ ಬರೆದು ಜೋಡಿಸುತ್ತಾರೆ. ನಮ್ಮ ಪದರುಕಲ್ಲು ಗೋಡೆಯ ಹಾಗೆ ಕಡಿದಾಗಿ ನಿಂತಿರುವುದರಿಂದ ಡ್ರಿಲ್ ಬಹುತೇಕ ಓರೆಯಾಗಿ ಇಳಿಯುತ್ತದೆ, ನೆಟ್ಟಗೆ ಇಳಿದರೆ ಒಂದೇ ಪದರದ ಗುಂಟ ಹೋಗಿ ಪಕ್ಕದ್ದು ಸಿಗುವುದೇ ಇಲ್ಲ. ಓರೆ ಡ್ರಿಲ್, ಕಲ್ಲಿನ ಕಂಬಿ, ಖಾನೆ ಪೆಟ್ಟಿಗೆ: ಈ ಮೂರು ನಿಮ್ಮ ಹೊಲದ ಬಳಿ ಕಂಡರೆ ಆಗ ಎಚ್ಚರವಾಗಿ ವಿಚಾರಿಸಿ. ಆಗಲೂ ಗಣಿ ದೂರವೇ. ಡ್ರಿಲ್ ಇಳಿದ ಬಹಳಷ್ಟು ಕಡೆ ಕೊನೆಗೆ ಸಿಗುವುದು ಒಂದು ವರದಿ ಮಾತ್ರ.

"ಇಷ್ಟೊಂದು ಇಲಾಖೆ ಯಾಕೆ" ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ಏಕೆಂದರೆ ಯಾವ ಸಂಸ್ಥೆ ಯಾತಕ್ಕೆ ಹುಟ್ಟಿತು ಎಂದು ತಿಳಿದರೆ ಯಾರನ್ನು ಏನು ಕೇಳಬೇಕೆಂಬುದೂ ತಿಳಿಯುತ್ತದೆ. ಜಿಎಸ್‌ಐ ಹುಟ್ಟಿದ್ದು ಕಲ್ಲಿದ್ದಲಿಗಾಗಿ. ಹಬೆಹಡಗಿಗೆ, ರೈಲಿಗೆ ಕಲ್ಲಿದ್ದಲು ಬೇಕಾಗಿ ಈಸ್ಟ್ ಇಂಡಿಯಾ ಕಂಪನಿ 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರನ್ನು ಕಲ್ಕತ್ತೆಗೆ ಕರೆಸಿತು. ಕಲ್ಲಿದ್ದಲು ಇದ್ದಲ್ಲೆಲ್ಲ ಓಡಾಡುವುದಕ್ಕಿಂತ ಇಡೀ ದೇಶದ ಶಿಲಾನಕ್ಷೆಯನ್ನು ಕ್ರಮವಾಗಿ ಬರೆಯಬೇಕು ಎಂಬ ಪಟ್ಟು ಅವರದು. ಅದು ಗೆದ್ದದ್ದು ನಮ್ಮ ಪುಣ್ಯ. ಅಂದಿನ ಆ ಹಟದ ಮುಂದುವರಿಕೆಯೇ ಇಂದು ನಿಮ್ಮ ಬಂಡೆಯ ಕೆಂಪು ನಂಬರು.

ಮೈಸೂರು ಸಂಸ್ಥಾನ ಇದನ್ನು ಬ್ರಿಟಿಷರಿಗೇ ಬಿಟ್ಟು ಕೂರಲಿಲ್ಲ. ಕೋಲಾರದ ಚಿನ್ನ ಬೊಕ್ಕಸ ತುಂಬುತ್ತಿದ್ದ ಕಾಲದಲ್ಲಿ, 1894ರಲ್ಲಿ, ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಅದರ ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್, 1858ರಲ್ಲಿ ಜಿಎಸ್‌ಐ ಸೇರಿ ದಕ್ಷಿಣ ಭಾರತವನ್ನು ಕಾಲ್ನಡಿಗೆಯಲ್ಲಿ, ಕುದುರೆಯಲ್ಲಿ ಸುತ್ತಿದವರು, ನಿಮ್ಮ ಹೊಲದ ಪದರುಕಲ್ಲಿನ ಕುಲಕ್ಕೆ ಧಾರವಾಡದ ಹೆಸರಿಟ್ಟವರು. ಆಮೇಲೆ ಡಬ್ಲ್ಯೂ. ಎಫ್. ಸ್ಮೀತ್ ಅವರ ಕಾಲದಲ್ಲಿ ಇಡೀ ಸಂಸ್ಥಾನದ ಶಿಲಾನಕ್ಷೆ ಸಿದ್ಧವಾಯಿತು. ಸಿ. ಎಸ್. ಪಿಚ್ಚಮುತ್ತು, ಬಿ. ಪಿ. ರಾಧಾಕೃಷ್ಣ ಅವರಂಥವರು ಇದೇ ಇಲಾಖೆಯನ್ನು ನಡೆಸಿದರು. 1958ರಲ್ಲಿ ಭಾರತೀಯ ಭೂವಿಜ್ಞಾನ ಸಂಘ ಬೆಂಗಳೂರಿನಲ್ಲಿ ನೆಲೆಯೂರಿದ್ದರ ಹಿಂದೆಯೂ ರಾಧಾಕೃಷ್ಣ ಅವರ ದುಡಿಮೆ ದೊಡ್ಡದು. ಇಂದಿನ ಗಣಿ ಮತ್ತು ಭೂವಿಜ್ಞಾನ ಇಲಾಖೆ ಆ ಹಳೆಯ ಮೈಸೂರು ಇಲಾಖೆಯ ವಾರಸುದಾರ. ಚಿತ್ರದುರ್ಗ ಸೀಮೆಯ ಬಗ್ಗೆ ಅಂದಿನವರು ಬರೆದಿಟ್ಟ ದಾಖಲೆಗಳು ಇಂದಿಗೂ ಕೆಲಸಕ್ಕೆ ಬರುತ್ತವೆ.

ಸ್ವಾತಂತ್ರ್ಯ ಬಂದ ಮೇಲೆ ಕೆಲಸ ಬೆಳೆಯಿತು, ಮನೆ ಪಾಲಾಯಿತು. ಗಣಿಗಳ ಮೇಲ್ವಿಚಾರಣೆಗೆ 1948ರಲ್ಲಿ ಭಾರತೀಯ ಗಣಿ ಬ್ಯೂರೋ. ಯುರೇನಿಯಂನಂಥ ಖನಿಜಕ್ಕೆ 1949ರಲ್ಲಿ ಒಂದು ಪುಟ್ಟ ಘಟಕ, ಅದೇ ಇಂದಿನ ಅಣು ಖನಿಜ ನಿರ್ದೇಶನಾಲಯ. ತೈಲಕ್ಕೆ 1956ರಲ್ಲಿ ಒಎನ್‌ಜಿಸಿ. ಭೂಮಿಯ ಒಳಗಿನ ಭೌತಶಾಸ್ತ್ರದ ಸಂಶೋಧನೆಗೆ 1961ರಲ್ಲಿ ಹೈದರಾಬಾದಿನ ಎನ್‌ಜಿಆರ್‌ಐ. ವಿವರವಾದ ಡ್ರಿಲ್ಲಿಂಗಿಗೆ 1972ರಲ್ಲಿ ಎಂಇಸಿಎಲ್. ನೀರಿನ ವಿಷಯದಲ್ಲಿ, 1954ರ ಕೊಳವೆಬಾವಿ ಸಂಸ್ಥೆ 1970ರಲ್ಲಿ ಕೇಂದ್ರ ಅಂತರ್ಜಲ ಮಂಡಳಿಯಾಯಿತು, 1972ರಲ್ಲಿ ಜಿಎಸ್‌ಐನ ಅಂತರ್ಜಲ ವಿಭಾಗವೂ ಅಲ್ಲಿಗೆ ಸೇರಿಕೊಂಡಿತು. ಕರ್ನಾಟಕದಲ್ಲೂ ಈಗ ಅಂತರ್ಜಲಕ್ಕೆ ಬೇರೆ ನಿರ್ದೇಶನಾಲಯವಿದೆ.

ಹೀಗೆ ಒಡೆದದ್ದರಿಂದ ಪರಿಣತಿ ಬೆಳೆಯಿತು, ಇದರಲ್ಲಿ ಅನುಮಾನವಿಲ್ಲ. ಆದರೆ ಒಂದೇ ಬಂಡೆಯ ಕಬ್ಬಿಣ ಒಬ್ಬರ ಕಡತದಲ್ಲಿ, ಅದರ ಬಿರುಕಿನ ನೀರು ಇನ್ನೊಬ್ಬರ ಕಡತದಲ್ಲಿ ಕುಳಿತಿತು. ಎಲ್ಲಕ್ಕಿಂತ ಬೇಸರದ ಸಂಗತಿ, ಮಣ್ಣು ಒಯ್ದ ಹಳ್ಳಿಗೆ ಫಲಿತಾಂಶ ಮರಳಿ ಹೋಗುವ ಪದ್ಧತಿ ಬೆಳೆಯಲೇ ಇಲ್ಲ. ಚೀಲ ತುಂಬಿದವರು ಎರಡು ನಿಮಿಷ ನಿಂತು ಕನ್ನಡದಲ್ಲಿ ಹೇಳಿದ್ದರೆ ನಿಮ್ಮ ಊರಿನ ಅರ್ಧ ಗಾಬರಿ ಹುಟ್ಟುತ್ತಲೇ ಇರಲಿಲ್ಲ. ಇದು ನಮ್ಮ ವೃತ್ತಿಯವರು ಒಪ್ಪಿಕೊಳ್ಳಬೇಕಾದ ತಪ್ಪು.

ಈಗ ಜಮೀನು. ಜಿಎಸ್‌ಐ ಗಣಿ ನಡೆಸುವುದಿಲ್ಲ, ಭೂಮಿ ವಶಪಡಿಸಿಕೊಳ್ಳುವುದೂ ಇಲ್ಲ. ಹುಡುಕಾಟಕ್ಕೆ ಉಳಿದವರಿಗೆ ಬೇಕಾದ ಪರವಾನಗಿ 1957ರ ಗಣಿ ಕಾಯ್ದೆಯ ಪ್ರಕಾರ ಅದಕ್ಕೆ ಬೇಕಿಲ್ಲ. ಆದರೆ ಪರವಾನಗಿ ಬೇಡ ಎಂದರೆ ನಿಮ್ಮನ್ನು ಕೇಳದೆ ಬೆಳೆ ತುಳಿಯಬಹುದು ಎಂದರ್ಥವಲ್ಲ. ಕರ್ನಾಟಕದಲ್ಲಿ ಹೊಲ ನಿಮ್ಮದಾದರೂ ಅದರಡಿಯ ಖನಿಜದ ಹಕ್ಕು ಸರ್ಕಾರದ್ದು, 1964ರ ಭೂಕಂದಾಯ ಕಾಯ್ದೆಯ 70ನೇ ಕಲಂ ಹಾಗೆ ಹೇಳುತ್ತದೆ. ಆದ್ದರಿಂದ "ಚಿನ್ನ ಸಿಕ್ಕರೆ ನಾನೇ ಮಾರುತ್ತೇನೆ" ಎಂಬ ಲೆಕ್ಕವೂ ಬೇಡ. ನಿಜವಾಗಿಯೂ ಅದಿರು ಸಿಕ್ಕರೆ ವರದಿ ಸರ್ಕಾರಕ್ಕೆ ಹೋಗುತ್ತದೆ. 2015ರ ತಿದ್ದುಪಡಿಯ ನಂತರ ಇಂಥ ಖನಿಜಕ್ಕೆ ಹರಾಜು ನಡೆಯುತ್ತದೆ, ಹರಾಜು ಗೆದ್ದವರು ಪರಿಸರ ಅನುಮತಿ ಪಡೆಯಬೇಕು, ಸಾರ್ವಜನಿಕ ಅಹವಾಲು ಸಭೆ ಎದುರಿಸಬೇಕು, ಜಮೀನಿನ ಹಕ್ಕನ್ನು ಬೇರೆಯಾಗಿಯೇ ಪಡೆಯಬೇಕು.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಆ ವ್ಯಕ್ತಿಗೆ ಮಾರುವುದು ಒಂದು. "ಸರ್ಕಾರ ಕೊಡುವುದು ಪುಡಿಗಾಸು" ಎಂಬ ಮಾತು 2013ರ ಭೂಸ್ವಾಧೀನ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಹಳ್ಳಿಯ ಜಮೀನಿಗೆ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡರವರೆಗಿನ ಗುಣಕದಿಂದ ಗುಣಿಸಿ, ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಧನ ಸೇರಿಸಬೇಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮಾರುಕಟ್ಟೆ ಬೆಲೆ ಕಟ್ಟುವಾಗ ಹಿಂದಿನ ಮೂರು ವರ್ಷದ ನೋಂದಾಯಿತ ಕ್ರಯಪತ್ರಗಳನ್ನು ನೋಡುತ್ತಾರೆ. ಗಾಬರಿಯಲ್ಲಿ ಊರಿನ ನಾಲ್ಕು ಜನ ಅಗ್ಗಕ್ಕೆ ಬರೆದುಕೊಟ್ಟರೆ ಆ ಪತ್ರಗಳು ಉಳಿದವರ ಬೆಲೆಯನ್ನೂ ಕೆಳಗೆ ಎಳೆಯಬಲ್ಲವು. ಅಗ್ರಿಮೆಂಟ್ ಹೆಸರಿನಲ್ಲಿ ಜಿಪಿಎಗೆ (ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ), ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿದರೆ ಇನ್ನೂ ಅಪಾಯ: ಹಣ ಮುಂಗಡದಷ್ಟೇ, ಅಧಿಕಾರ ಪೂರ್ತಿ ಅವರಿಗೆ.

ಸರ್ವೆಯವರನ್ನು ಹೊಲಕ್ಕೇ ಬಿಡದಿರುವುದು ಇನ್ನೊಂದು. ಚೀಲದಷ್ಟು ಮಣ್ಣಿಗಾಗಿ ಜಗಳ ಕಾಯುವುದರಿಂದ ಲಾಭವಿಲ್ಲ, ಅವರು ಪಕ್ಕದ ಹಳ್ಳದಲ್ಲಿ ತೆಗೆದುಕೊಳ್ಳುತ್ತಾರೆ, ನಿಮಗೆ ಮಾಹಿತಿಯ ಎಳೆ ತಪ್ಪುತ್ತದೆ. ಕಾಲುವೆ ತೋಡುವ, ಡ್ರಿಲ್ ತರುವ ಮಾತು ಬಂದರೆ ಮಾತ್ರ ನಿಲ್ಲಿಸಿ ಕೇಳಿ: ಬೆಳೆ ನಷ್ಟಕ್ಕೆ ಎಷ್ಟು, ಗುಂಡಿ ಮುಚ್ಚುವವರು ಯಾರು, ಡ್ರಿಲ್ಲಿನ ನೀರು ಎಲ್ಲಿಂದ. ಉತ್ತರ ಬರಹದಲ್ಲಿರಲಿ, ಕೆಲಸಕ್ಕೆ ಮುಂಚೆ ಫೋಟೋ ತೆಗೆದಿಡಿ. ಮುಚ್ಚದ ಕಾಲುವೆಗೆ ದನ ಬೀಳುತ್ತದೆ, ಮುಚ್ಚಳವಿಲ್ಲದ ಡ್ರಿಲ್ ತೂತು ಮಕ್ಕಳಿಗೆ ಅಪಾಯ. ಅಡಿಕೆ ಸಾಲಿನ ಡ್ರಿಪ್ ಪೈಪು ಎಲ್ಲೆಲ್ಲಿ ಹೋಗಿದೆ ಎಂದು ಮೊದಲೇ ತೋರಿಸಿಬಿಡಿ.

ಮೂರನೆಯದು ನನಗೆ ಸರಿ ಕಾಣುವ ದಾರಿ, ಬರೆದು ಕೇಳುವುದು. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಕನ್ನಡದಲ್ಲೇ ಬರೆಯಬಹುದು. ಜಿಎಸ್‌ಐನ ಬೆಂಗಳೂರು ಕಚೇರಿಗೆ ಒಂದು, ಜಿಲ್ಲಾ ಕೇಂದ್ರದ ಗಣಿ ಮತ್ತು ಭೂವಿಜ್ಞಾನ ಕಚೇರಿಗೆ ಇನ್ನೊಂದು. ರಾಜ್ಯದ ಕಚೇರಿಗೆ ಹಾಕುವ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು. "ನಮ್ಮ ಜಮೀನು ಹೋಗುತ್ತದೆಯೇ" ಎಂದು ಕೇಳಿದರೆ ಉತ್ತರ ಸಿಗದು, ಅದು ದಾಖಲೆಯಲ್ಲ. ಹೀಗೆ ಕೇಳಿ: ಇಂಥ ಗ್ರಾಮದಲ್ಲಿ ಈ ಸಾಲಿನಲ್ಲಿ ನಡೆದ ಸಮೀಕ್ಷೆಯ ಹೆಸರು, ಅದರ ಹಂತ ಜಿ-4ರಿಂದ ಜಿ-1ರಲ್ಲಿ ಯಾವುದು, ನಕ್ಷಾಹಾಳೆಯ ಸಂಖ್ಯೆ, ಈ ಗ್ರಾಮದ ಸರ್ವೆ ನಂಬರ್ ಸೇರಿದ ಯಾವುದಾದರೂ ಬ್ಲಾಕ್ ಹರಾಜಿಗೆ ಗುರುತಾಗಿದ್ದರೆ ಅದರ ಪ್ರತಿ. ಅರ್ಜಿ ಹಾಕುವ ಮೊದಲೇ ಮಗಳಿಗೆ ಹೇಳಿ, ಜಿಎಸ್‌ಐನ ಭೂಕೋಶ್ ಜಾಲತಾಣದಲ್ಲಿ ನಿಮ್ಮ ಹಾಳೆಯ ಶಿಲಾನಕ್ಷೆ ತೆರೆದು ನೋಡಲಿ. ದುಡ್ಡು ಕೊಡಬೇಕಿಲ್ಲ.

ಆ ನಕ್ಷೆಯಿಂದ ಬೋರ್ ಪಾಯಿಂಟ್ ಸಿಗುವುದೇ? ಇಲ್ಲ. 1:50,000 ಅಳತೆಯಲ್ಲಿ ನಿಮ್ಮ ನಾಲ್ಕೂವರೆ ಎಕರೆ ಹೆಚ್ಚುಕಡಿಮೆ 2.7 ಮಿಲಿಮೀಟರ್ ಚೌಕ, ಜೋಳದ ಕಾಳಿಗಿಂತ ಚಿಕ್ಕದು. ನೀರಿಗೆ ಜಿಲ್ಲೆಯ ಅಂತರ್ಜಲ ಕಚೇರಿಯನ್ನೇ ಕೇಳಿ. ಖಾಸಗಿಯವರಿಂದ ಕರೆಂಟ್ ಹಾಯಿಸಿ ಪಾಯಿಂಟ್ ಮಾಡಿಸುವುದಾದರೆ ಒಂದನ್ನು ಮಾತ್ರ ಗಮನಿಸಿ. ನೆಲಕ್ಕೆ ಚುಚ್ಚಿದ ತುದಿಯ ಎರಡು ಕಂಬಿಗಳ ನಡುವಿನ ದೂರದ ಮೂರನೇ ಒಂದೋ ನಾಲ್ಕನೇ ಒಂದೋ ಪಾಲಿನಷ್ಟು ಆಳ ಮಾತ್ರ ಆ ಯಂತ್ರಕ್ಕೆ ಕಾಣುತ್ತದೆ. ನೂರು ಮೀಟರ್ ಆಳ ನೋಡಬೇಕಾದರೆ ತಂತಿ ಮುನ್ನೂರು, ನಾನೂರು ಮೀಟರ್ ಹರಡಬೇಕು. ಅರವತ್ತು ಮೀಟರ್ ತಂತಿ ಹಾಸಿ "ಎಂಟುನೂರು ಅಡಿಗೆ ಎರಡೂವರೆ ಇಂಚು ನೀರು" ಎಂದವರು ಅಳೆದು ಹೇಳುತ್ತಿಲ್ಲ. ನೀರು ಸಿಕ್ಕ ಮೇಲೆ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅಡಿಕೆಗೆ ಬಿಡಿ, ಮನೆಗೆ ಬೇಡ.

ಮಗಳ ವಿಷಯ. ಜಿಎಸ್‌ಐ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗಳಿಗೆ ಯುಪಿಎಸ್‌ಸಿ ಪ್ರತಿವರ್ಷ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ನಡೆಸುತ್ತದೆ. ಬಿ.ಎಸ್ಸಿ. ಸಾಲದು, ಸ್ನಾತಕೋತ್ತರ ಪದವಿ ಬೇಕು. ಅಲ್ಲಿಯವರೆಗೆ ಅವಳಿಗೆ ಬೇಕಾದ ಪ್ರಯೋಗಶಾಲೆ ಮನೆಯ ಹತ್ತಿರವೇ ಇದೆ. ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ದೂರದ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಬಂಡೆಗಳನ್ನು ಜಿಎಸ್‌ಐ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಸುಮಾರು 250 ಕೋಟಿ ವರ್ಷದ ಹಿಂದೆ ಸಮುದ್ರದ ಅಡಿಯಲ್ಲಿ ಉಕ್ಕಿದ ಲಾವಾ, ನೀರು ತಾಗಿದೊಡನೆ ಸಿಪ್ಪೆ ಗಟ್ಟಿಯಾಗಿ ಉಂಡೆ ಉಂಡೆಯಾಗಿ ಒಂದರ ಮೇಲೊಂದು ಕುಳಿತಿದೆ. ಪ್ರತಿ ದಿಂಬಿನ ಉಬ್ಬಿದ ಬೆನ್ನು ಎತ್ತ, ಕೆಳಗಿನೆರಡರ ಸಂದಿಗೆ ಇಳಿದ ಚೂಪು ಬಾಲ ಎತ್ತ ಎಂದು ನೋಡಿದರೆ ಆ ಕಾಲದಲ್ಲಿ ಆಕಾಶ ಯಾವ ಕಡೆಗಿತ್ತು ಎಂದು ಹೇಳಬಹುದು. ದಿಕ್ಸೂಚಿ, ಲೆನ್ಸು, ನೋಟ್‌ಬುಕ್ ಕೊಟ್ಟು ಕಳಿಸಿ. ಸುತ್ತಿಗೆ ಮನೆಯಲ್ಲೇ ಇರಲಿ, ಸ್ಮಾರಕದ ಕಲ್ಲು ಒಡೆಯಬಾರದು.